ಈರೀ ಸರೋವರಕ್ಕೆ ಹರಿದು ಬಂದ ಗೊಬ್ಬರದ ಲೆಕ್ಕ

2014ರ ಆಗಸ್ಟ್ 2ರಂದು ಅಮೆರಿಕದ ಟೊಲೆಡೊ ನಗರದಲ್ಲಿ ನಲ್ಲಿ ನೀರು ಕುಡಿಯಬೇಡಿ ಎಂದು ಸೂಚನೆ ಹೊರಬಿತ್ತು. ಕುದಿಸಿಯೂ ಕುಡಿಯುವಂತಿರಲಿಲ್ಲ. ಕುದಿಸಿದರೆ ನೀರು ಆವಿಯಾಗಿ ವಿಷದ ಸಾಂದ್ರತೆ ಇನ್ನೂ ಜಾಸ್ತಿಯಾಗುತ್ತದೆ. ಅಮೆರಿಕ-ಕೆನಡಾ ಗಡಿಯಲ್ಲಿರುವ ಈರೀ ಸರೋವರದ ಪಾಚಿಯ ವಿಷ ಕುಡಿಯುವ ನೀರಿಗೇ ಸೇರಿತ್ತು. ನಾಲ್ಕು ಲಕ್ಷ ಜನ ಸುಮಾರು ಮೂರು ದಿನ ಬಾಟಲಿ ನೀರು ನಂಬಿಕೊಂಡರು.

ಪಾಚಿಗೆ ಮೇವು ರಂಜಕ, ಅಂದರೆ ಗೊಬ್ಬರದಲ್ಲೂ ಇರುವ ಫಾಸ್ಫರಸ್. ಅದರ ಲೆಕ್ಕ ಯಾರೂ ಇಟ್ಟಿರಲಿಲ್ಲವೇ? ಇಟ್ಟಿದ್ದರು. 1972ರಲ್ಲೇ ಅಮೆರಿಕ, ಕೆನಡಾ ಒಪ್ಪಂದ ಮಾಡಿಕೊಂಡವು. 1978ರಲ್ಲಿ ಈರೀಗೆ ವರ್ಷಕ್ಕೆ 11,000 ಟನ್ ರಂಜಕದ ಮಿತಿ ಹಾಕಿದವು. ಸೋಪಿನ ಪುಡಿಯಲ್ಲಿ ರಂಜಕ ಕಡಿಮೆಯಾಯಿತು, ಚರಂಡಿ ನೀರು ಶುದ್ಧವಾಗತೊಡಗಿತು, ಸರೋವರ ಚೇತರಿಸಿಕೊಂಡಿತು.

ಉಳಿದದ್ದು ಹೊಲದ ನೀರು. ಚರಂಡಿಗಾದರೆ ಒಂದು ಬಾಯಿ ಇರುತ್ತದೆ, ಅಲ್ಲಿ ಅಳೆಯಬಹುದು. ಹೊಲಕ್ಕೆ ಅದಿಲ್ಲ. ಹಾಗಾಗಿ ನದಿಯಲ್ಲೇ ಅಳೆಯಬೇಕು. ಒಹಾಯೊದ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದವರು 1970ರ ದಶಕದಿಂದ, ಈರೀಗೆ ಸೇರುವ ಮಾಮೀ ನದಿಯ ನೀರನ್ನು ವಾಟರ್‌ವಿಲ್‌ನಲ್ಲಿ ಬಾಟಲಿಗೆ ತುಂಬುತ್ತಾ ಬಂದಿದ್ದಾರೆ. ಬಾಟಲಿಯಲ್ಲಿ ಎಷ್ಟು ರಂಜಕ, ಆ ಹೊತ್ತಿಗೆ ಎಷ್ಟು ನೀರು ಹರಿಯಿತು, ಎರಡನ್ನೂ ಗುಣಿಸಿ ದಿನದಿನಕ್ಕೆ ಕೂಡಿಸುವುದು. ಕೇಳಲು ಸುಲಭ, ಅಲ್ವಾ? ಆದರೆ ವರ್ಷದ ರಂಜಕದ ಬಹುಪಾಲು ಹೋಗುವುದು ಮಳೆಯ ಕೆಲವೇ ದಿನಗಳಲ್ಲಿ. ತಿಂಗಳಿಗೊಂದು ಬಾಟಲಿ ತೆಗೆದರೆ ಆ ದಿನಗಳೇ ತಪ್ಪಿಹೋಗುತ್ತವೆ. ಅದಕ್ಕೇ ಪ್ರವಾಹ ಬಂದಾಗ ದಿನಕ್ಕೆ ಹಲವು ಬಾಟಲಿ ಪರೀಕ್ಷಿಸುತ್ತಾರೆ.

ಈ ತಾಳ್ಮೆಯ ಕೆಲಸವೇ ಗುಟ್ಟು ಬಿಚ್ಚಿತು. 1990ರ ದಶಕದ ನಡುವಿನಿಂದ ಒಟ್ಟು ರಂಜಕ ಅಷ್ಟೇನೂ ಏರಲಿಲ್ಲ, ನೀರಲ್ಲಿ ಕರಗಿದ್ದು ಮಾತ್ರ ಏರುತ್ತಾ ಹೋಯಿತು. ಮಣ್ಣಿಗೆ ಅಂಟಿದ ರಂಜಕ ಬಹುಪಾಲು ತಳ ಸೇರುತ್ತದೆ. ಕರಗಿದ್ದನ್ನು ಪಾಚಿ ತಕ್ಷಣ ತಿನ್ನುತ್ತದೆ. ಮಿತಿ ಹಾಕಿದ್ದು ಒಟ್ಟು ಲೆಕ್ಕಕ್ಕೆ, ಸರೋವರ ಕೆಟ್ಟದ್ದು ಕರಗಿದ್ದರಿಂದ. ನನ್ನ ಮಟ್ಟಿಗೆ ಈ ಕಥೆಯ ತಿರುಳೇ ಇದು. ಇದರಲ್ಲಿ ರೈತರನ್ನು ದೂರುವುದು ನ್ಯಾಯವಲ್ಲ. ಮಣ್ಣು ಕೊಚ್ಚಿಹೋಗದಿರಲಿ ಎಂಬ ಸಲಹೆ ಕೇಳಿ ಅವರು ಉಳುಮೆ ಕಡಿಮೆ ಮಾಡಿದರು. ಗೊಬ್ಬರ ಮೇಲ್ಪದರದಲ್ಲೇ ಉಳಿಯಿತು. ಹೆಚ್ಚಿನ ನೀರು ಬಸಿದುಹೋಗಲೆಂದು ಹೊಲದಡಿ ಹೂತಿದ್ದ ತೂತಿನ ಕೊಳವೆಗಳು ಅದನ್ನು ನೇರ ಹಳ್ಳಕ್ಕೆ ಸಾಗಿಸಿದವು.

2016ರಲ್ಲಿ ಗುರಿ ಬದಲಾಯಿತು. ಮಾರ್ಚ್‌ನಿಂದ ಜುಲೈವರೆಗೆ ಮಾಮೀ ನದಿಯಿಂದ ಒಟ್ಟು 860 ಟನ್, ಕರಗಿದ್ದು 186 ಟನ್ ದಾಟಬಾರದು. 2008ಕ್ಕೆ ಹೋಲಿಸಿದರೆ ಇದು ಶೇ. 40 ಕಡಿತ. ಮಣ್ಣು, ಇಳಿಜಾರು, ಬೆಳೆ, ಮಳೆ ಎಲ್ಲವನ್ನೂ ಕಂಪ್ಯೂಟರ್ ಮಾದರಿಗಳಿಗೆ ಕೊಟ್ಟು, ಯಾವ ಹೊಲದಲ್ಲಿ ಏನು ಮಾಡಿದರೆ ಎಷ್ಟು ಇಳಿಯುತ್ತದೆ ಎಂದು ಈಗ ಅಂದಾಜಿಸುತ್ತಾರೆ.

2019ರ ವಸಂತದಲ್ಲಿ ಬಿಡದೆ ಮಳೆ ಸುರಿದು ಎಷ್ಟೋ ಹೊಲ ಬಿತ್ತನೆಯನ್ನೇ ಕಾಣಲಿಲ್ಲ. ಗೊಬ್ಬರವೂ ಕಡಿಮೆ ಬಿತ್ತು. ನದಿಯ ನೀರಿನ ಪ್ರಮಾಣಕ್ಕೆ ಹೋಲಿಸಿದರೆ ಕರಗಿದ ರಂಜಕ ಕಡಿಮೆಯೇ ಬಂತು, ಆದರೂ ಗುರಿಯ ಮಿತಿ ಮೀರಿತು. ಹಿಂದಿನ ವರ್ಷಗಳಲ್ಲಿ ಮಣ್ಣಿಗೆ ಸೇರಿದ ಗೊಬ್ಬರ ಇನ್ನೂ ಹರಿಯುತ್ತಲೇ ಇತ್ತು.