ಬೆಟ್ಟದ ಮೇಲೊಂದು ಡಿಜಿಟಲ್ ರಿಪೀಟರ್

ನಕ್ಷೆಯಲ್ಲಿ ಭಾಗಮಂಡಲವೂ ಕರಿಕೆಯೂ ಅಕ್ಕಪಕ್ಕದಲ್ಲೇ ಕಾಣುತ್ತವೆ. ಕೈಯಲ್ಲಿ ಹಿಡಿಯುವ 5 ವಾಟ್‌ನ ಹ್ಯಾಮ್ (ಹವ್ಯಾಸಿ) ರೇಡಿಯೋ ಸೆಟ್ಟಿಗೆ ಮಾತ್ರ ಆ ದೂರ ದಾಟುವುದು ಬಹಳ ಕಷ್ಟ. ಹ್ಯಾಮ್‌ಗಳು ಹೆಚ್ಚಾಗಿ ಬಳಸುವ 144ರಿಂದ 146 ಮೆಗಾಹರ್ಟ್ಸ್‌ನ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಬೆಟ್ಟ ಅಡ್ಡ ಬಂದರೆ ಅದರಾಚೆ ನೆರಳು ಬೀಳುತ್ತದೆ. ಕೊಡಗಿನಲ್ಲಿ ಎಲ್ಲಿಂದ ಎಲ್ಲಿಗೆ ಹೊರಟರೂ ನಡುವೆ ಬೆಟ್ಟ ಇದ್ದೇ ಇರುತ್ತದೆ.

ಇದಕ್ಕೆ ಪರಿಹಾರ ರಿಪೀಟರ್. ಎತ್ತರದಲ್ಲಿ ಕುಳಿತು, ಕೆಳಗಿನಿಂದ ಬಂದ ಸಣ್ಣ ಸಂಕೇತವನ್ನು ಒಂದು ಆವರ್ತನದಲ್ಲಿ (ಫ್ರೀಕ್ವೆನ್ಸಿ) ಹಿಡಿದು, ಅದೇ ಕ್ಷಣದಲ್ಲಿ ಇನ್ನೊಂದು ಆವರ್ತನದಲ್ಲಿ ಜೋರಾಗಿ ಬಿತ್ತರಿಸುವ ಯಂತ್ರ ಅದು. ಎತ್ತರ ಹೆಚ್ಚಿದಷ್ಟೂ ರೇಡಿಯೋ ದಿಗಂತ, ಅಂದರೆ ಅಲೆ ಮುಟ್ಟುವ ದೂರ, ಹಿಗ್ಗುತ್ತದೆ. ಮೀಟರಿನಲ್ಲಿರುವ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. ಸುತ್ತಲಿನ ನೆಲಕ್ಕಿಂತ 400 ಮೀಟರ್ ಎತ್ತರದ ಗುಡ್ಡಕ್ಕೆ ಇದು 82 ಕಿಲೋಮೀಟರ್.

ಹಾಗಾದರೆ 1,748 ಮೀಟರಿನ ತಡಿಯಂಡಮೋಳ್ ಮೇಲೇ ಇಟ್ಟುಬಿಡಬಹುದಲ್ಲ ಎಂದು ಅನಿಸುತ್ತದೆ. ನಾನು ಅದನ್ನು ಆರಿಸುವುದಿಲ್ಲ. ಕಾಡಿನೊಳಗೆ ಟವರ್ ಕಟ್ಟಲು ಅನುಮತಿ ಬೇಕು, ಮಳೆಗಾಲದಲ್ಲಿ ಬ್ಯಾಟರಿ ಹೊತ್ತು ಹತ್ತಬೇಕು, ಸಿಡಿಲಿನ ಕಾಟ ಬೇರೆ. ಬಂಡೆ ತುಂಬಿದ ತುದಿಯಲ್ಲಿ ಒಳ್ಳೆಯ ಅರ್ಥಿಂಗ್ ಸಿಗುವುದೂ ಕಷ್ಟ. ಅದಕ್ಕಿಂತ ತುಸು ತಗ್ಗಿನಲ್ಲಿದ್ದರೂ ಜೀಪು ಹೋಗುವ ದಾರಿಯಿರುವ ತೋಟದ ನೆತ್ತಿಯೇ ಮೇಲು. ಕೆಟ್ಟಾಗ ತಲುಪಲಾಗದ ರಿಪೀಟರನ್ನು ನಂಬಿ ಕೂರಲಾಗದು.

ಕಟ್ಟುವ ಕೆಲಸದಲ್ಲಿ ಅತಿ ಸೂಕ್ಷ್ಮವಾದ ಭಾಗ ಡೂಪ್ಲೆಕ್ಸರ್, ಅಂದರೆ ಬರುವ ಮತ್ತು ಹೋಗುವ ಸಂಕೇತಗಳನ್ನು ಬೇರ್ಪಡಿಸುವ ಸಾಧನ. ರಿಪೀಟರ್ ಒಂದೇ ಆಂಟೆನಾದಿಂದ ಏಕಕಾಲಕ್ಕೆ ಕೇಳಬೇಕು, ಮಾತಾಡಲೂಬೇಕು. ಹೊರಡುವ ಶಕ್ತಿ 25 ವಾಟ್ ಎಂದುಕೊಳ್ಳಿ. ಕಣಿವೆಯಿಂದ ಬರುವ ದುರ್ಬಲ ಸಂಕೇತಕ್ಕಿಂತ ಅದು ಎಷ್ಟು ದೊಡ್ಡದೆಂದರೆ, ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಮತ್ತೆ 250ರಿಂದ ಗುಣಿಸಬೇಕು! ಈ ಎರಡೂ ಒಂದೇ ಕೇಬಲ್ಲಿನಲ್ಲಿ ಓಡಾಡುತ್ತವೆ. ರಿಸೀವರ್ ಕಿವುಡಾಗದಂತೆ ಕಾಯುವುದು ಡೂಪ್ಲೆಕ್ಸರಿನಲ್ಲಿರುವ ಲೋಹದ ಉದ್ದನೆಯ ಕ್ಯಾವಿಟಿ ಫಿಲ್ಟರುಗಳು. 145 ಮೆಗಾಹರ್ಟ್ಸ್‌ನಲ್ಲಿ ಬರುವ ಮತ್ತು ಹೋಗುವ ಆವರ್ತನಗಳ ನಡುವೆ ಸಾಮಾನ್ಯವಾಗಿ ಇರುವ ಅಂತರ 600 ಕಿಲೋಹರ್ಟ್ಸ್ ಮಾತ್ರ. ಅಷ್ಟು ಹತ್ತಿರದ ಎರಡನ್ನು ಬೇರ್ಪಡಿಸಲು ಅರ್ಧ ಮೀಟರಿಗೂ ಉದ್ದದ ಹಲವು ಕ್ಯಾವಿಟಿಗಳು ಬೇಕಾಗುತ್ತವೆ. 435 ಮೆಗಾಹರ್ಟ್ಸ್ ಆಸುಪಾಸಿನ ಯುಎಚ್‌ಎಫ್‌ಗೆ ಹೋದರೆ ಅಂತರವೂ ಹೆಚ್ಚು ಸಿಗುತ್ತದೆ, ಡೂಪ್ಲೆಕ್ಸರೂ ಪುಟ್ಟದಾಗುತ್ತದೆ. ಆದರೆ ಆವರ್ತನ ಏರಿದಂತೆ ಎಲೆಗಳು ನುಂಗುವ ಶಕ್ತಿಯೂ ಏರುತ್ತದೆ, ಒದ್ದೆ ಎಲೆಗಳಂತೂ ಇನ್ನೂ ಹೆಚ್ಚು ನುಂಗುತ್ತವೆ. ನಮ್ಮ ಕಾಫಿ ಬೆಳೆಯುವುದೇ ಸಿಲ್ವರ್ ಓಕ್, ಬೀಟೆ ಮರಗಳ ನೆರಳಿನಲ್ಲಿ. ತೋಟದೊಳಗಿನ ಕಾರ್ಮಿಕರ ಲೈನ್‌ಮನೆಯಿಂದಲೂ ಸಂಕೇತ ಮೇಲೆ ಮುಟ್ಟಬೇಕಾದರೆ, ಡೂಪ್ಲೆಕ್ಸರ್‌ಗೆ ಖರ್ಚು ಹೆಚ್ಚಾದರೂ 145ರ ಆಸುಪಾಸಿನ ವಿಎಚ್‌ಎಫ್ ಸರಿ ಎಂಬುದು ನನ್ನ ಲೆಕ್ಕ.

ಇನ್ನು ಡಿಜಿಟಲ್ ಏಕೆ? ಮಾತನ್ನು ಅಂಕೆಗಳಾಗಿ ಕಳಿಸಲು ಡಿ-ಸ್ಟಾರ್, ಸಿಸ್ಟಂ ಫ್ಯೂಷನ್, ಡಿಎಂಆರ್ (ಡಿಜಿಟಲ್ ಮೊಬೈಲ್ ರೇಡಿಯೋ) ಎಂದು ಹಲವು ಪದ್ಧತಿಗಳಿವೆ. ನನ್ನ ಒಲವು ಡಿಎಂಆರ್ ಕಡೆಗೆ. ಅದು 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನೆಲ್ಲನ್ನು 30 ಮಿಲಿಸೆಕೆಂಡಿನ ಎರಡು ಸರದಿಗಳಾಗಿ ಹಂಚುತ್ತದೆ. ಹೀಗಾಗಿ ಒಂದೇ ರಿಪೀಟರಿನಲ್ಲಿ ಒಂದಕ್ಕೊಂದು ಅಡ್ಡಬಾರದೆ ಎರಡು ಮಾತುಕತೆ ನಡೆಯುತ್ತವೆ: ಒಂದರಲ್ಲಿ ಪರಿಹಾರ ಕೇಂದ್ರಗಳು, ಇನ್ನೊಂದರಲ್ಲಿ ರಕ್ಷಣೆಗೆ ಹೋದ ತಂಡ. ಕೈಯಲ್ಲಿರುವ ಸೆಟ್ಟು ಅರ್ಧ ಹೊತ್ತು ಮಾತ್ರ ಪ್ರಸಾರ ಮಾಡುವುದರಿಂದ ಅದರ ಬ್ಯಾಟರಿಯೂ ಹೆಚ್ಚು ಬಾಳುತ್ತದೆ. ಕರೆಂಟಿಲ್ಲದ ಊರಿನಲ್ಲಿ ಇದು ಸಣ್ಣ ಲಾಭವಲ್ಲ.

ಇಲ್ಲಿ ದನಿ ದನಿಯಾಗಿ ಹೋಗುವುದಿಲ್ಲ. ಸೆಟ್ಟಿನಲ್ಲಿರುವ ವೋಕೋಡರ್ ಮಾತಿನ ಸ್ಥಾಯಿ, ಬಲ, ಸ್ವರದ ಆಕಾರಗಳನ್ನು ಅಳೆದು ಸೆಕೆಂಡಿಗೆ 2,450 ಬಿಟ್‌ಗಳಲ್ಲಿ ವಿವರಿಸುತ್ತದೆ. ಹಾಡಿನ ಬದಲು ಸ್ವರಲಿಪಿ ಕಳಿಸಿ ಆ ತುದಿಯಲ್ಲಿ ಹಾಡಿಸಿದಂತೆ. ಇದಕ್ಕೆ 1,150 ಬಿಟ್‌ಗಳ ದೋಷ ತಿದ್ದುವ ಮಾಹಿತಿ ಸೇರುತ್ತದೆ. ಆದ್ದರಿಂದ ಹಳೆಯ ಎಫ್‌ಎಂ ಮಾತು ಬುಸುಗುಟ್ಟತೊಡಗುವ ದೂರದಲ್ಲೂ ಇದು ಸ್ಪಷ್ಟವಾಗಿರುತ್ತದೆ. ಆದರೆ ಮಿತಿ ದಾಟಿದೊಡನೆ ಮಾತು ತುಂಡುತುಂಡಾಗಿ ನಿಂತೇಹೋಗುತ್ತದೆ, ಕಿವಿಗೊಟ್ಟು ಊಹಿಸಲು ಏನೂ ಉಳಿಯದು. ವೋಕೋಡರ್ ಮನುಷ್ಯರ ಮಾತಿಗೆಂದೇ ರೂಪಿಸಿದ್ದು. ಕೊಡವರ ಕಕ್ಕಡ ತಿಂಗಳ ಮಳೆ ಶೀಟಿನ ಮಾಡಿನ ಮೇಲೆ ಸುರಿಯುವಾಗ ಆ ಸದ್ದೂ ಒಳಹೊಕ್ಕು ಮಾತನ್ನು ಕೆಡಿಸುತ್ತದೆ. ಆಗ ಕಿರುಚಿ ಪ್ರಯೋಜನವಿಲ್ಲ, ಮೈಕಿಗೆ ಹತ್ತಿರವಾಗಿ ಸಹಜ ದನಿಯಲ್ಲಿ ಮಾತಾಡಬೇಕು. ಇಂಥ ಮಿತಿಗಳಿರುವುದರಿಂದಲೇ ಎಫ್‌ಎಂ ಸೆಟ್ಟುಗಳನ್ನೂ ಸ್ವೀಕರಿಸುವ ಮಿಶ್ರ ವಿಧಾನದ ರಿಪೀಟರ್ ಇಲ್ಲಿಗೆ ಬೇಕು. ಹಳೆಯ ಸೆಟ್ಟು ಇಟ್ಟುಕೊಂಡವರನ್ನು ಹೊರಗಿಡುವ ವ್ಯವಸ್ಥೆ ಆಪತ್ತಿನಲ್ಲಿ ಅರ್ಧ ವ್ಯವಸ್ಥೆ.

ಡಿಎಂಆರ್ ರಿಪೀಟರನ್ನು ಇಂಟರ್‌ನೆಟ್‌ಗೆ ಜೋಡಿಸಿ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡುವುದೂ ಸಾಧ್ಯ. ಆಕರ್ಷಣೆ ನನಗೂ ಅರ್ಥವಾಗುತ್ತದೆ. ಆದರೂ ಕೊಡಗಿನ ರಿಪೀಟರ್ ಆ ತಂತಿಯನ್ನು ನೆಚ್ಚಿಕೊಳ್ಳಬಾರದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ಜರಿದಾಗ ರಸ್ತೆಯ ಜೊತೆಗೆ ಕರೆಂಟು, ಫೋನು ಎರಡೂ ಹೋದವು. ಜನ ಬದುಕಿದ್ದಾರೋ ಇಲ್ಲವೋ ಎಂದು ತಿಳಿಯುವುದೇ ದೊಡ್ಡ ಕೆಲಸವಾಗಿತ್ತು. ನೆಟ್ ಕಡಿದ ಕೂಡಲೇ ರಿಪೀಟರ್ ತಾನಾಗಿ ಸ್ಥಳೀಯವಾಗಿ ಮುಂದುವರಿಯುವಂತೆ ಮೊದಲ ದಿನವೇ ಹೊಂದಿಸಿಡಬೇಕು. ಘಟ್ಟದ ಆಚೆ ಇಳಿಜಾರಿನಲ್ಲಿರುವ ಕರಿಕೆಯಂಥ ಊರಿಗೆ ಎರಡನೆಯ ರಿಪೀಟರ್ ಬೇಕಾದೀತು. ಇವೆರಡನ್ನು ಬೆಸೆಯುವ ಕೊಂಡಿಯೂ ರೇಡಿಯೋದ್ದೇ ಆಗಿರಲಿ.

ಕರೆಂಟಿನ ಲೆಕ್ಕವೂ ಮಳೆಗಾಲದ್ದೇ. 12 ವೋಲ್ಟ್‌ನಲ್ಲಿ ಸುಮ್ಮನಿರುವಾಗ 1 ಆಂಪಿಯರ್, ಪ್ರಸಾರ ಮಾಡುವಾಗ 6 ಆಂಪಿಯರ್ ಎಳೆಯುವ ರಿಪೀಟರ್ ದಿನಕ್ಕೆ 4 ಗಂಟೆ ಮಾತಾಡಿದರೆ 44 ಆಂಪಿಯರ್-ಅವರ್ ಬೇಕು. ಬಿಸಿಲು ಕಾಣದ 5 ದಿನಕ್ಕೆ 220. ಬೇಸಿಗೆಯ ಬಿಸಿಲು ನೋಡಿ ಸೋಲಾರ್ ಫಲಕ ಕೊಂಡರೆ ಜುಲೈನಲ್ಲಿ ಸಾಲದು. ಹೊರಗಿನ ಪ್ರತಿಯೊಂದು ಕನೆಕ್ಟರಿಗೂ ನೀರು ಇಳಿಯದ ಟೇಪು ಸುತ್ತಬೇಕು, ಕೇಬಲ್ಲಿನೊಳಗೆ ತೇವ ಸೇರಿದರೆ ಎಷ್ಟು ಒಳ್ಳೆಯ ಆಂಟೆನಾ ಇದ್ದೂ ದಂಡ.

ಹ್ಯಾಮ್ ಆಗಲು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. 12 ವರ್ಷ ತುಂಬಿದವರು ಬರೆಯಬಹುದು. ರಿಪೀಟರಿಗೆ ಪ್ರತ್ಯೇಕ ಅನುಮತಿ ಬೇಕು. ಡಿಎಂಆರ್ ಸೆಟ್ಟುಗಳಲ್ಲಿ ಗುಪ್ತ ಸಂಕೇತದ ಸೌಲಭ್ಯವಿದ್ದರೂ ಹವ್ಯಾಸಿಗಳು ಅದನ್ನು ಬಳಸುವಂತಿಲ್ಲ, ಮಾತು ಎಲ್ಲರಿಗೂ ಕೇಳುವಂತಿರಬೇಕು.

ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಒಂದು ಭಾನುವಾರ ನೆಟ್ಟಿನ ತಂತಿ ಮತ್ತು ಸೋಲಾರ್ ಫಲಕ ಎರಡನ್ನೂ ಕಳಚಿ, ಬ್ಯಾಟರಿಯೊಂದರ ಮೇಲೇ ರಿಪೀಟರ್ ಓಡಿಸಿ ನೋಡಬೇಕು. ನಾಪೋಕ್ಲು, ಸುಂಟಿಕೊಪ್ಪ, ಮಾದಾಪುರ, ಗೋಣಿಕೊಪ್ಪದಿಂದ ಒಬ್ಬೊಬ್ಬರು ಕರೆದು, ಎಲ್ಲಿ ಮಾತು ತುಂಡಾಯಿತು ಎಂದು ನಕ್ಷೆಯಲ್ಲಿ ಗುರುತು ಹಾಕಿಕೊಂಡರೆ ಆಂಟೆನಾವನ್ನು ಸರಿಪಡಿಸಲು ಜೂನ್‌ವರೆಗೆ ಸಮಯ ಉಳಿಯುತ್ತದೆ.