ಮುದುಡಿ ಕೂತ ಹೇಂಟೆ

ಆಷಾಢದ ಜಡಿಮಳೆ. ಅಂಕೋಲೆಯ ನಮ್ಮ ಮನೆ ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಕೆಂಪು ಹೇಂಟೆ ಗರಿ ಉಬ್ಬಿಸಿಕೊಂಡು, ಕತ್ತು ಒಳಗೆಳೆದುಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಉಳಿದವು ತೆಂಗಿನ ಬುಡ ಕೆದರುತ್ತಿದ್ದವು. ಇದಕ್ಕೆ ನುಚ್ಚು ಎರಚಿದರೂ ಬೇಡ. ಬೇಲಿಯಾಚೆಯಿಂದ ನೋಡಿದ ಪಕ್ಕದ ಮನೆಯ ಆಯಿ, "ತಮಾ, ಕೊಕ್ಕರೆ ರೋಗ ಹೊಡದದೆ ಅದಕ್ಕೆ" ಅಂದರು. ಮೀನು ತಂದ ಅಕ್ಕ ಅಜೀರ್ಣ ಅಂದಳು. ಅಣ್ಣ ಫೋನಿನಲ್ಲೇ ಜಂತುಹುಳ ಎಂದು ತೀರ್ಮಾನಿಸಿದ.

ಮೂವರದೂ ಸರಿಯಿರಬಹುದಿತ್ತು, ತೊಡಕಿರುವುದೇ ಅಲ್ಲಿ. ಹೆಚ್ಚಿನ ರೋಗಗಳಲ್ಲಿ ಕೋಳಿ ಕೂರುವುದು ಹೀಗೆಯೇ. ಸೋಂಕಿನ ವಿರುದ್ಧ ಹೋರಾಡುವ ರಕ್ತಕಣಗಳು ಬಿಡುವ ರಾಸಾಯನಿಕಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ: ಓಡಾಟ ಸಾಕು, ಮೇವು ಸಾಕು, ಇದ್ದ ಶಕ್ತಿ ಉಳಿಸು. ಉಬ್ಬಿದ ಗರಿಗಳ ನಡುವೆ ಗಾಳಿ ನಿಂತು ಮೈಶಾಖ ಹೊರಹೋಗದಂತೆ ತಡೆಯುತ್ತದೆ. ಆ ಭಂಗಿ ನಮಗೆ ತಿಳಿಸುವುದು ಹುಷಾರಿಲ್ಲ ಎಂಬುದನ್ನಷ್ಟೇ.

ಅದೂ ತಡವಾಗಿ. ಕೋಳಿಗಳ ನಡುವೆ ಮೇಲು ಕೀಳಿನ ಗಟ್ಟಿ ಸಾಲಿದೆ, ಯಾರು ಯಾರನ್ನು ಕುಕ್ಕಬಹುದು ಎಂಬ ಲೆಕ್ಕ. ನಾರ್ವೆಯ ಥಾರ್ಲೀಫ್ ಶೆಲ್ಡರುಪ್-ಎಬ್ಬೆ 1920ರ ದಶಕದಲ್ಲಿ ಇದನ್ನು ವಿವರವಾಗಿ ಬರೆದಿಟ್ಟರು. ಸೋತಂತೆ ಕಂಡರೆ ಕೆಳಗಿನವೂ ಬಂದು ಕುಕ್ಕುತ್ತವೆ, ಮೇಲಿನಿಂದ ಗಿಡುಗ ಬೇರೆ. ಹಾಗಾಗಿ ಕೋಳಿ ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುತ್ತದೆ. ನಮ್ಮ ಕಣ್ಣಿಗೆ "ಇವತ್ತು" ಬಿದ್ದ ಕಾಯಿಲೆಗೆ ಎಷ್ಟೋ ಸಲ ವಾರದ ವಯಸ್ಸಾಗಿರುತ್ತದೆ. ಔಷಧಿಗೆ ಕೈಹಾಕುವ ಮೊದಲು ಹಿಂದಿನ ಆ ದಿನಗಳ ಗುರುತುಗಳನ್ನು ಹುಡುಕಬೇಕು.

ಮೊದಲು ಮುಟ್ಟದೆ ನೋಡಬೇಕು. ಹಿಡಿಯಲು ಹೋದರೆ ಗಾಬರಿಗೆ ಉಸಿರಿನ ಲಯವೇ ಬದಲಾಗುತ್ತದೆ. ಬಾಯಿ ತೆರೆದು ಏದುತ್ತಿದೆಯೇ, ಕತ್ತು ತಿರುಚುತ್ತಿದೆಯೇ, ಬಾಲ ಉಸಿರಿಗೆ ತಕ್ಕಂತೆ ಮೇಲೆ ಕೆಳಗೆ ಆಡುತ್ತಿದೆಯೇ? ಬಾಲ ಆಡಿದರೆ ಉಸಿರಾಟಕ್ಕೆ ಕಷ್ಟಪಡುತ್ತಿದೆ ಎಂದರ್ಥ. ಮೈ ನೆಟ್ಟಗೆ ಎತ್ತಿ, ಬಾಲ ಇಳಿಬಿಟ್ಟು, ಆಗಾಗ ತಿಣುಕುತ್ತಾ ನಿಂತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಒಂದು ಮೊಟ್ಟೆ ತಯಾರಾಗಲು ಸುಮಾರು 25 ತಾಸು ಬೇಕು. ಅದರಲ್ಲಿ 20 ತಾಸು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಚಿಪ್ಪಿಗೆ ಬೇಕಾದ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಮೇವಿನಲ್ಲಿ ಸಿಗದಿದ್ದರೆ ಎಲುಬಿನಿಂದ ಬರಬೇಕು. ಮೊಟ್ಟೆ ತಳ್ಳುವ ಸ್ನಾಯುವಿಗೂ ಅದೇ ಕ್ಯಾಲ್ಸಿಯಂ ಬೇಕು. ಅಘನಾಶಿನಿ ಅಳಿವೆಯ ಬಳಚಿನ ಚಿಪ್ಪನ್ನು ಕುಟ್ಟಿ ಹಾಕುವ ನಮ್ಮ ಕಡೆಯ ಪದ್ಧತಿಗೆ ಈ ಲೆಕ್ಕದಲ್ಲಿ ಒಳ್ಳೆಯ ಬೆಲೆಯಿದೆ.

ಆಮೇಲೆ ಕೈಗೆತ್ತಿಕೊಳ್ಳುವುದು. ಮೈ ಬಿಸಿ ತಾಗಿತೆಂದು ಜ್ವರ ಅನ್ನಬೇಡಿ. ಆರೋಗ್ಯವಂತ ಕೋಳಿಯ ಶಾಖವೇ 41ರಿಂದ 42 ಡಿಗ್ರಿ ಸೆಲ್ಸಿಯಸ್, ಮನುಷ್ಯನಿಗಾದರೆ ಆಸ್ಪತ್ರೆ ಸೇರುವಷ್ಟು. ಕತ್ತಿನ ಬುಡದಲ್ಲಿ, ಕೋಳಿಯ ಬಲಬದಿಗೆ, ಕಾಳು ತುಂಬಿಕೊಳ್ಳುವ ಚೀಲವಿದೆ. ಅದನ್ನು ಮುಟ್ಟಿ ನೋಡಲು ಒಳ್ಳೆಯ ಹೊತ್ತು ಬೆಳಗಿನ ಜಾವ, ಗೂಡು ತೆರೆಯುವ ಮೊದಲು. ರಾತ್ರಿ ತುಂಬಿದ್ದ ಚೀಲ ಅಷ್ಟರಲ್ಲಿ ಖಾಲಿಯಾಗಿರಬೇಕು. ಇನ್ನೂ ಗಟ್ಟಿಯಾಗಿ ಉಳಿದಿದ್ದರೆ ಹುಲ್ಲೋ ನಾರೋ ಕಟ್ಟಿಕೊಂಡಿದೆ. ನೀರು ತುಂಬಿದ ಬಲೂನಿನಂತಿದ್ದು ಬಾಯಿ ಹುಳಿ ವಾಸನೆ ಹೊಡೆದರೆ ಒಳಗೆ ಶಿಲೀಂಧ್ರ ಬೆಳೆದಿರಬಹುದು. ತಲೆಕೆಳಗು ಹಿಡಿದು ಹಿಂಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆ ನೀರು ಶ್ವಾಸನಾಳಕ್ಕೆ ಇಳಿದರೆ ಕೋಳಿ ಕೈಯಲ್ಲೇ ಸಾಯುತ್ತದೆ.

ನಮ್ಮ ಹೇಂಟೆಯ ಚೀಲ ಖಾಲಿಯಿತ್ತು. ಎದೆಮೂಳೆ ಮಾತ್ರ ಕತ್ತಿಯ ಬೆನ್ನಿನಂತೆ ಬೆರಳಿಗೆ ತಾಗಿತು, ಎರಡೂ ಬದಿಯ ಮಾಂಸ ಇಳಿದುಹೋಗಿತ್ತು. ಒಂದು ದಿನದಲ್ಲಿ ಹೀಗೆ ಸೊರಗುವುದಿಲ್ಲ. ದಾಸವಾಳದಂತಿದ್ದ ಜುಟ್ಟು ಬಿಳಿಚಿತ್ತು, ಮೈಯಲ್ಲಿ ರಕ್ತ ಕಡಿಮೆಯಾದ ಗುರುತು.

ಹಿಕ್ಕೆಯನ್ನೂ ನೋಡಿದೆ. ಕೋಳಿಗೆ ಉಚ್ಚೆ ಬೇರೆಯಾಗಿ ಬರುವುದಿಲ್ಲ, ಹಿಕ್ಕೆಯ ಮೇಲಿನ ಬಿಳಿ ಟೊಪ್ಪಿಯೇ ಅದು. ದಿನಕ್ಕೆ ಕೆಲವು ಸಲ ಬರುವ ಅಂಟಂಟಾದ, ನಾರುವ ಕಂದು ಹಿಕ್ಕೆ ಕುರುಡುಗರುಳಿನಿಂದ ಬಂದದ್ದು, ಅದನ್ನು ಭೇದಿ ಎಂದು ಹೆದರಬೇಕಿಲ್ಲ. ಹಸಿರು ಹಿಕ್ಕೆ ಕಂಡೊಡನೆ ಕೊಕ್ಕರೆ ರೋಗ ಅನ್ನುವಂತೆಯೂ ಇಲ್ಲ. ಎರಡು ದಿನ ಮೇವು ಬಿಟ್ಟ ಕೋಳಿ ಬರೀ ಪಿತ್ತವನ್ನೇ ಹಾಕುತ್ತದೆ. ರಕ್ತ ಕಂಡರೆ, ಅದರಲ್ಲೂ ಮರಿಗಳಲ್ಲಿ ಕಂಡರೆ, ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ರಕ್ತಭೇದಿ ತರುವ ಐಮೀರಿಯಾ ಎಂಬ ಪರೋಪಜೀವಿಯ ಕೋಶಗಳಿಗೆ ಹಿಕ್ಕೆಯಲ್ಲಿ ಸೋಂಕುವ ಶಕ್ತಿ ಬರಲು ಬೆಚ್ಚಗಿನ ತೇವ ಸಿಕ್ಕರೆ ಒಂದೆರಡು ದಿನ ಸಾಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒದ್ದೆ ಗೂಡೆಂದರೆ ಅದಕ್ಕೆ ತವರುಮನೆ.

ಇದರ ಹಿಕ್ಕೆಯಲ್ಲಿ ರಕ್ತವಿಲ್ಲ, ಹುಳುವೂ ಕಾಣಲಿಲ್ಲ. ಹಾಗಿದ್ದರೆ ರಕ್ತ ಹೋದದ್ದೆಲ್ಲಿ? ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಗೂಡಿಗೆ ಹೋಗಿ, ಅವು ಕೂರುವ ಅಡಕೆ ದಬ್ಬೆಯ ಅಡಿಗೆ ಬಿಳಿ ಬಟ್ಟೆ ಒರೆಸಿದೆ. ಬಟ್ಟೆಯ ಮೇಲೆ ಕುಂಕುಮ ತಿಕ್ಕಿದ ಹಾಗೆ ಕೆಂಪು ಗೀಟು. ಕಣ್ಣು ಹತ್ತಿರ ಒಯ್ದರೆ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಹರಿದಾಡುತ್ತಿದ್ದವು. ಕೆಂಪು ಉಣ್ಣಿ. ಹಗಲೆಲ್ಲ ದಬ್ಬೆಯ ಸೀಳಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ಮರಳುತ್ತದೆ, ಹಾಗಾಗಿ ಹಗಲು ಎಷ್ಟು ಗರಿ ಬಿಡಿಸಿ ನೋಡಿದರೂ ಸಿಗುವುದಿಲ್ಲ. ಈ ಹೇಂಟೆ ಮೂರು ವಾರ ಕಾವಿಗೆ ಕೂತು ಆಗಷ್ಟೇ ಎದ್ದಿತ್ತು. ಹಗಲೂ ರಾತ್ರಿ ಗೂಡು ಬಿಡದೆ ಇದ್ದದ್ದು ಅದೊಂದೇ.

ಈ ರೋಗಕ್ಕೆ ಮದ್ದು ಮೊದಲು ಬೇಕಾದದ್ದು ಗೂಡಿಗೆ. ದಬ್ಬೆಗಳನ್ನು ಸುಟ್ಟೆವು, ಸಂದುಗಳಿಗೆ ಕುದಿಯುವ ನೀರು ಹೊಯ್ದೆವು, ಚಿಪ್ಪಿನ ಸುಣ್ಣ ಬಳಿದೆವು. ಹತ್ತು ದಿನ ಬಿಟ್ಟು ಮತ್ತೆ ಅದೆಲ್ಲ, ಏಕೆಂದರೆ ಅಷ್ಟರಲ್ಲಿ ಉಳಿದ ತತ್ತಿಗಳಿಂದ ಹೊಸ ಪೀಳಿಗೆ ಎದ್ದಿರುತ್ತದೆ. ಕೋಳಿಗೆ ಹಚ್ಚುವ ಔಷಧಿಯನ್ನು ಪಶು ಆಸ್ಪತ್ರೆಯ ಡಾಕ್ಟರು ಕೊಟ್ಟರು.

ಕೋಳಿಯನ್ನು ನೋಡುವಷ್ಟೇ ಗಮನದಿಂದ ಅದರ ಸುತ್ತ ಏನು ಬದಲಾಗಿದೆ ಎಂದು ನೋಡಿದ್ದರಿಂದ ಒಮ್ಮೆ ಮನುಷ್ಯರ ದೊಡ್ಡ ರೋಗವೊಂದರ ಗುಟ್ಟೇ ಬಿಚ್ಚಿಕೊಂಡಿತು. 1890ರ ಆಸುಪಾಸು ಇಂದಿನ ಜಕಾರ್ತದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್, ನರಗಳು ಕೆಟ್ಟು ಕಾಲು ಸೋಲುವ ಬೆರಿಬೆರಿ ರೋಗದ ಕ್ರಿಮಿ ಹುಡುಕುತ್ತಿದ್ದರು. ಅವರ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಬೀಳತೊಡಗಿದವು, ಕೆಲ ತಿಂಗಳಿಗೆ ತಾವೇ ಚೇತರಿಸಿಕೊಂಡವು. ವಿಚಾರಿಸಿದರೆ, ನಡುವಿನ ಆ ದಿನಗಳಲ್ಲಿ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನ ಹಾಕಲಾಗಿತ್ತು. ಹೊಸ ಅಡುಗೆಯವನು ಮಿಲಿಟರಿಯ ಅನ್ನ ಕೋಳಿಗಿಲ್ಲ ಎಂದ, ಕೋಳಿಗಳು ಎದ್ದವು. ಪಾಲಿಶ್ ಮಾಡುವಾಗ ಉದುರಿಹೋಗುವ ತೌಡಿನಲ್ಲಿದ್ದದ್ದು ಇಂದು ವಿಟಮಿನ್ ಬಿ1 ಎಂದು ಕರೆಯುವ ಥಯಾಮಿನ್. ಐಕ್ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಭತ್ತ ಬೇಯಿಸಿ ಮಾಡುವ ನಮ್ಮ ಕುಚ್ಚಲಕ್ಕಿಯಲ್ಲಿ ತೌಡಿನ ಆ ಸತ್ವ ಕಾಳಿನೊಳಕ್ಕೆ ಇಳಿದಿರುತ್ತದೆ.

ಆಯಿಯ ಅನುಮಾನವನ್ನು ನಾನು ತಳ್ಳಿಹಾಕಲಿಲ್ಲ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಒಂದರ ಹಿಂದೊಂದು ಕೋಳಿಯನ್ನು ಕೆಡವುತ್ತದೆ. ಏದುಸಿರು, ಹಸಿರು ಮಿಶ್ರಿತ ಬಿಳಿ ಭೇದಿ, ತಿರುಚಿದ ಕತ್ತು. ವೈರಸ್ಸಾದ್ದರಿಂದ ಬಂದಮೇಲೆ ಮದ್ದಿಲ್ಲ. ಮರಿಗೆ ವಾರ ತುಂಬುವ ಹೊತ್ತಿಗೆ ಕಣ್ಣಿಗೋ ಮೂಗಿಗೋ ಲಸಿಕೆಯ ಹನಿ ಹಾಕಿಸಿ, ಮುಂದಿನ ಸುತ್ತುಗಳನ್ನೂ ತಪ್ಪಿಸದಿರುವುದೇ ದಾರಿ. ಒಮ್ಮೆಲೇ ಹಲವು ಕೋಳಿ ಸತ್ತರೆ ಹಕ್ಕಿಜ್ವರವೂ ಇರಬಹುದು. ಆಗ ಬರಿಗೈಯಲ್ಲಿ ಮುಟ್ಟದೆ, ಮಾರದೆ, ತಿನ್ನದೆ ಪಶು ಆಸ್ಪತ್ರೆಗೆ ತಿಳಿಸಬೇಕು.

ಒಂದೇ ಕೋಳಿ ಸತ್ತರೂ ಕೂಡಲೇ ತೆಂಗಿನ ಬುಡಕ್ಕೆ ಹೂಳಬೇಡಿ. ಹಿಂದಿನ ಮಳೆಗಾಲದಲ್ಲಿ ನಾವು ಹಾಗೆ ಹೂತ ಎರಡು ಕೋಳಿಗಳಿಗೆ ಏನಾಗಿತ್ತೆಂದು ಇನ್ನು ತಿಳಿಯುವಂತಿಲ್ಲ. ಡಾಕ್ಟರು ಅವುಗಳ ಹೊಟ್ಟೆ ಸೀಳಿ ನೋಡಿದ್ದರೆ ಗೂಡಿನಲ್ಲಿ ಉಳಿದಿದ್ದ ಒಂಬತ್ತಕ್ಕೆ ಉಪಯೋಗವಾಗುತ್ತಿತ್ತು. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ಇನ್ನೆರಡು ಚೀಲದಲ್ಲಿ ಸುತ್ತಿ, ಮೀನು ತರುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ಇಟ್ಟು ಅದೇ ದಿನ ಡಾಕ್ಟರಿಗೆ ಮುಟ್ಟಿಸಿ. ಫ್ರೀಜರಿನಲ್ಲಿ ಮಾತ್ರ ಇಡಬಾರದು, ನೀರು ಹರಳುಗಟ್ಟಿ ಜೀವಕೋಶಗಳು ಒಡೆದುಹೋದರೆ ಸೂಕ್ಷ್ಮದರ್ಶಕದಡಿ ಸರಿಯಾಗಿ ಏನೂ ಕಾಣುವುದಿಲ್ಲ. ಆ ಪೆಟ್ಟಿಗೆಯನ್ನು ಮತ್ತೆ ಮೀನಿಗೆ ಬಳಸಬೇಡಿ.