ಎರಡು ಮಿಲಿಮೀಟರ್ ಸುಳ್ಳು

ಟೋಕಿಯೊದ ಯಾಮಾನೋತೆ ರೈಲಿನ ಒಂದು ಬೋಗಿ ನನ್ನ ಮೇಜಿನ ಮೇಲಿದೆ. ಉದ್ದ 13 ಸೆಂಟಿಮೀಟರ್ ಚಿಲ್ಲರೆ, ಪೆನ್ನಿಗಿಂತ ಚೂರು ಗಿಡ್ಡ. ಬಾಗಿಲಿನ ಹಸಿರು, ಕಿಟಕಿಯ ಅಂಚು, ಚಾವಣಿ ಮೇಲಿನ ಏಸಿ ಡಬ್ಬ, ಎಲ್ಲ ಅಚ್ಚುಕಟ್ಟು. ಆದರೆ ಅದನ್ನು ಹಳಿ ಮೇಲಿಟ್ಟು, ಬಗ್ಗಿ ಎದುರಿನಿಂದ ನೋಡಿದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಚಕ್ರಗಳು ಕಾಲಗಲಿಸಿ ನಿಂತ ಹಾಗಿವೆ. ಅಳೆದರೆ ಹಳಿಗಳ ನಡುವೆ 9 ಮಿಲಿಮೀಟರ್. ಈ ಮಾದರಿ ನಿಜದ ರೈಲಿನ 150ರಲ್ಲಿ ಒಂದು ಪಾಲು, ಆ ಲೆಕ್ಕದ ಪ್ರಕಾರ ಇರಬೇಕಾದದ್ದು 7.1.

ಬೆಂಗಳೂರಿನಲ್ಲಿ ‘ಮನೆಯಲ್ಲೇ ಒಂದು ಲೇಔಟ್ ಮಾಡ್ತಿದ್ದೀನಿ’ ಅಂದರೆ ಸೈಟು ಎಷ್ಟಕ್ಕೆ ಅಂತ ಕೇಳುತ್ತಾರೆ. ಇದು ಆ ಲೇಔಟ್ ಅಲ್ಲ. ಹಲಗೆ ಮೇಲೆ ಹಳಿ ಹಾಸಿ, ನಿಲ್ದಾಣ, ಅಂಗಡಿ, ಸೇತುವೆ ಕೂರಿಸಿ ಪುಟ್ಟ ರೈಲು ಓಡಿಸುವ ಲೇಔಟ್. ನಿಜವಾದ ಒಂದು ನಗರದ ರೈಲನ್ನು ಹೀಗೆ ಮನೆಯೊಳಗೆ ತರಲು ಹೊರಟವರಿಗೆ ಎದುರಾಗುವ ಮೊದಲ ತಕರಾರೇ ಈ ಎರಡು ಮಿಲಿಮೀಟರ್. ಅದರ ಬೇರು 1872ರಲ್ಲಿದೆ.

ಆ ವರ್ಷ ಜಪಾನಿನ ಮೊದಲ ರೈಲು ಟೋಕಿಯೊದ ಶಿಂಬಾಶಿಯಿಂದ ಯೊಕೊಹಾಮಾಕ್ಕೆ ಓಡಿತು. ಕಟ್ಟಲು ಬಂದವರು ಬ್ರಿಟಿಷ್ ಇಂಜಿನಿಯರುಗಳು. ಅವರ ಊರಿನ ಹಳಿ 1435 ಮಿಲಿಮೀಟರ್ ಅಗಲ. ಜಪಾನಿನಲ್ಲಿ ಹಾಕಿದ್ದು ಮಾತ್ರ 1067. ಗುಡ್ಡಗಾಡಿನ ದೇಶ, ಕೈಯಲ್ಲಿ ದುಡ್ಡು ಕಡಿಮೆ, ಕಿರಿದಾದ ಹಳಿಗೆ ಖರ್ಚೂ ಕಡಿಮೆ. ಒಮ್ಮೆ ಹಾಕಿದ ಮೇಲೆ ದೇಶದ ತುಂಬ ಅದೇ ಹರಡಿತು. 1885ರಲ್ಲಿ ಶಿನಾಗಾವಾದಿಂದ ಅಕಾಬಾನೆಗೆ, ಆಗಿನ ಊರಿನ ಅಂಚು ಬಳಸಿ ಒಂದು ದಾರಿ ಬಂತು. ಅದು ತುಂಡು ತುಂಡಾಗಿ ಬೆಳೆದು 1925ರ ನವೆಂಬರ್‌ನಲ್ಲಿ ಪೂರ್ತಿ ವೃತ್ತವಾಯಿತು. ಅದೇ ಯಾಮಾನೋತೆ. ಈಗ 34.5 ಕಿಲೋಮೀಟರ್, 30 ನಿಲ್ದಾಣ, ಒಂದು ಸುತ್ತಿಗೆ ಸುಮಾರು ಒಂದು ಗಂಟೆ.

ಮೇಜಿನ ಮೇಲೆ ರೈಲು ಓಡಿಸುವವರಿಗೆ ಈ ವೃತ್ತ ದೊಡ್ಡ ವರ. ಬೇರೆ ಯಾವ ರೈಲನ್ನು ಮಾಡಿದರೂ ‘ಇದು ಯಾಕೆ ಸುತ್ತಿ ಸುತ್ತಿ ಅಲ್ಲೇ ಬರುತ್ತೆ?’ ಅಂತ ಮಕ್ಕಳು ಕೇಳುತ್ತಾರೆ. ಯಾಮಾನೋತೆ ನಿಜವಾಗಿಯೂ ಸುತ್ತಿ ಸುತ್ತಿ ಅಲ್ಲೇ ಬರುತ್ತದೆ. ಸಮಜಾಯಿಷಿ ಬೇಕಿಲ್ಲ.

ಈ ದಾರಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಯೂರಾಕುಚೊ. ಅಲ್ಲಿ ರೈಲು ಇಟ್ಟಿಗೆ ಕಮಾನುಗಳ ಮೇಲೆ ಹೋಗುತ್ತದೆ, ಕೆಳಗೆ ಸಾಲು ಸಾಲು ತಿಂಡಿ-ಕುಡಿತದ ಅಂಗಡಿಗಳು. ಈ ಕಮಾನುಗಳ ಯೋಜನೆಯಲ್ಲಿ ದುಡಿದವರು ಜರ್ಮನ್ ಇಂಜಿನಿಯರುಗಳಾದ ಹರ್ಮನ್ ರುಮ್‌ಶಾಟೆಲ್ ಮತ್ತು ಫ್ರಾಂಜ್ ಬಾಲ್ಟ್ಸರ್. ಅವರ ಕಣ್ಣ ಮುಂದಿದ್ದದ್ದು 1882ರಲ್ಲಿ ಶುರುವಾದ ಬರ್ಲಿನ್ ನಗರ ರೈಲು. ಅದೂ ಹೀಗೇ, ಮನೆಗಳ ನಡುವೆ ಇಟ್ಟಿಗೆ ಕಮಾನುಗಳ ಮೇಲೆ ಹೋಗುವಂಥದ್ದು. ಅಂದರೆ ಯೂರಾಕುಚೊದ ಕಮಾನನ್ನು ನಾನು ರಟ್ಟಿನಲ್ಲಿ ಕತ್ತರಿಸುವಾಗ ಮಾಡುತ್ತಿರುವುದು ನಕಲಿನ ನಕಲು. ಇದರಿಂದ ಯಾಕೋ ಒಂಥರಾ ಸಮಾಧಾನ.

ಈಗ ಆಟಿಕೆಯ ಕಡೆಗೆ ಬರೋಣ. 1960ರ ದಶಕದ ಆರಂಭದಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನ ಆರ್ನಾಲ್ಡ್ ಕಂಪನಿ 9 ಮಿಲಿಮೀಟರ್ ಅಗಲದ ಹಳಿಯ ಮೇಲೆ ಪುಟ್ಟ ರೈಲು ತಂದಿತು. ಅಳತೆ 160ಕ್ಕೆ ಒಂದು, ಅಂದರೆ ನಿಜದ 160 ಮಿಲಿಮೀಟರಿಗೆ ಮಾದರಿಯಲ್ಲಿ ಒಂದು. ಯುರೋಪಿನ 1435ನ್ನು 160ರಿಂದ ಭಾಗಿಸಿ ನೋಡಿ, ಹೆಚ್ಚೂಕಮ್ಮಿ 9 ಬರುತ್ತದೆ. ಲೆಕ್ಕ ಚುಕ್ತಾ. ಒಂಬತ್ತಕ್ಕೆ ಇಂಗ್ಲಿಷಿನ ನೈನ್, ಜರ್ಮನ್ನಿನ ನೊಯ್ನ್. ಎರಡೂ ಎನ್ ಅಕ್ಷರದಿಂದ ಶುರುವಾಗುವುದರಿಂದ ಇದಕ್ಕೆ ಎನ್ ಗೇಜ್ ಅನ್ನುವ ಹೆಸರು.

ಆಮೇಲೆ 1965ರಲ್ಲಿ, ಇವತ್ತು ಕಾಟೋ ಹೆಸರಿನಲ್ಲಿ ಗೊತ್ತಿರುವ ಕಂಪನಿ ಜಪಾನಿನ ಮೊದಲ ಎನ್ ಗೇಜ್ ಇಂಜಿನ್ ಮಾಡಿತು. ಸಿ50 ಅನ್ನುವ ಉಗಿ ಇಂಜಿನ್. ಗೊಂದಲ ಶುರುವಾದದ್ದು ಇಲ್ಲಿ. ಜಪಾನಿನ 1067ನ್ನು 160ರಿಂದ ಭಾಗಿಸಿದರೆ 6.7 ಬರುತ್ತದೆ. ಹಳಿಯನ್ನು ಅಷ್ಟು ಕಿರಿದು ಮಾಡಿದರೆ ಲೋಕದಲ್ಲಿ ಬೇರೆ ಯಾರ ಹಳಿಗೂ ಹೊಂದುವುದಿಲ್ಲ. 9 ಮಿಲಿಮೀಟರ್ ಹಳಿಯನ್ನೇ ಇಟ್ಟುಕೊಂಡು ರೈಲನ್ನು ಅದಕ್ಕೆ ಸರಿಯಾಗಿ ದೊಡ್ಡದು ಮಾಡಿದರೆ 120ಕ್ಕೆ ಒಂದು ಆಗುತ್ತದೆ. ಆಗ ಹತ್ತು ಬೋಗಿಯ ರೈಲಿಗೆ ಮನೆಯಲ್ಲಿ ಜಾಗ ಎಲ್ಲಿ? ಕೊನೆಗೆ ನಿಂತದ್ದು ನಡುವಿನ 150ರಲ್ಲಿ. 160ರಲ್ಲಿ ಮಾಡಿದ್ದರೆ ಜಪಾನಿನ ಸಣ್ಣ ಬೋಗಿಯ ಕೆಳಗೆ ಹಳಿ ಇನ್ನೂ ಅಗಲ ಕಾಣುತ್ತಿತ್ತು, ಒಳಗೆ ಮೋಟಾರಿಗೆ ಜಾಗವೂ ಕಡಿಮೆಯಾಗುತ್ತಿತ್ತು. 150ರಲ್ಲಿ ಎರಡೂ ಕಷ್ಟ ತುಸು ಹಗುರ. ಕಾಲಗಲಿಸಿ ನಿಲ್ಲುವುದು ಮಾತ್ರ ಉಳಿಯಿತು. ಲೆಕ್ಕ ಸರಿಯಿರಲೇಬೇಕು ಅಂತ 120ರಲ್ಲಿ ಮಾಡಿಕೊಳ್ಳುವ ಹಟಮಾರಿಗಳು ಜಪಾನಿನಲ್ಲಿ ಈಗಲೂ ಇದ್ದಾರೆ. ಆದರೆ ಕೆಲವೇ ಕೆಲವರು.

ಇದರಲ್ಲೂ ಒಂದು ತಮಾಷೆಯಿದೆ. 1964ರಲ್ಲಿ ಬಂದ ಬುಲೆಟ್ ರೈಲು ಶಿಂಕಾನ್‌ಸೆನ್‌ಗೆ ಜಪಾನ್ 1435ರ ಹಳಿ ಹಾಕಿತು. ಹಾಗಾಗಿ ಅದರ ಮಾದರಿಗೆ 160 ಸರಿಹೊಂದುತ್ತದೆ, ಹಾಗೇ ಮಾಡುತ್ತಾರೆ. ಟೋಕಿಯೊ ಮತ್ತು ಶಿನಾಗಾವಾ ನಡುವೆ ಈ ಎರಡು ರೈಲುಗಳು ಅಕ್ಕಪಕ್ಕದಲ್ಲಿ ಓಡುತ್ತವೆ. ಅಲ್ಲಿ ಹಳಿ ಎರಡು ಥರ, ಲೋಕ ಒಂದೇ. ನನ್ನ ಹಲಗೆ ಮೇಲೆ ಹಳಿ ಒಂದೇ ಥರ, ಲೋಕ ಎರಡು!

ಹಳಿಯ ಜಗಳ ಹೀಗೆ ಮುಗಿಯಿತು ಅನ್ನಿ. ಉದ್ದದ ಜಗಳ ಮುಗಿಯುವುದೇ ಇಲ್ಲ. 34.5 ಕಿಲೋಮೀಟರನ್ನು 150ರಿಂದ ಭಾಗಿಸಿದರೆ 230 ಮೀಟರ್. ಯಾರ ಮನೆಯಲ್ಲಿದೆ ಅಷ್ಟು ಜಾಗ? ಟೋಕಿಯೊದ ಮನೆಗಳಲ್ಲಂತೂ ಇಲ್ಲ. ಅಲ್ಲಿ ಬಹಳ ಜನ ಚಾಪೆಯಂಥ ತಾತಾಮಿ ನೆಲದ ಮೇಲೇ ಹಳಿ ಜೋಡಿಸಿ, ಓಡಿಸಿ, ಮಲಗುವ ಮುಂಚೆ ಬಿಚ್ಚಿ ಡಬ್ಬಕ್ಕೆ ಹಾಕುತ್ತಾರೆ. ಅದಕ್ಕೇ ಜಪಾನಿನ ಹಳಿ ತುಂಡುಗಳಿಗೆ ಜಲ್ಲಿಯ ಅಚ್ಚಿರುವ ಪ್ಲಾಸ್ಟಿಕ್ ಪೀಠ. ಟಕ್ ಅಂತ ಸೇರುತ್ತವೆ, ಟಕ್ ಅಂತ ಬಿಡುತ್ತವೆ. ಅಂಗಡಿಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು, ಅವರ ದೊಡ್ಡ ಲೇಔಟಿನಲ್ಲಿ ನಮ್ಮ ರೈಲು ಓಡಿಸುವ ಏರ್ಪಾಡೂ ಉಂಟು.

ನನ್ನ ಹಲಗೆ ಒಂದು ತಾತಾಮಿಯಷ್ಟು: 180 ಸೆಂಟಿಮೀಟರ್ ಉದ್ದ, 90 ಅಗಲ. ಹೊರಗಿನ ಸುತ್ತು ಸುಮಾರು ನಾಲ್ಕು ಮೀಟರ್. ಯಾಮಾನೋತೆಗೆ ಈಗ 11 ಬೋಗಿ, ಒಂದೊಂದು 20 ಮೀಟರ್. ಮಾದರಿಯಲ್ಲಿ ಒಂದೂವರೆ ಮೀಟರಿಗೆ ಹತ್ತಿರ. ಪೂರ್ತಿ ರೈಲು ನಿಲ್ಲಿಸಿದರೆ ಸುತ್ತಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅದೇ ತುಂಬುತ್ತದೆ, ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಹೋಗುವ ಬೆಕ್ಕಿನ ಹಾಗೆ. ನೇರ ಭಾಗ ಒಂದು ಮೀಟರ್ ಅಷ್ಟೇ ಇರುವುದರಿಂದ ಪ್ಲಾಟ್‌ಫಾರ್ಮ್ ಸಾಲುವುದಿಲ್ಲ. ಆರು ಬೋಗಿಗೆ ಇಳಿಸಿದೆ, ಕಣ್ಣು ಒಪ್ಪಿತು. ಗಂಟೆಗೆ 90 ಕಿಲೋಮೀಟರ್ ವೇಗವನ್ನು 150ರಿಂದ ಭಾಗಿಸಿ ಓಡಿಸಿದರೆ ಒಂದು ಸುತ್ತಿಗೆ 24 ಸೆಕೆಂಡ್. ಒಂದು ಗಂಟೆಯ ದಾರಿ ಅದು!

ತಿರುವಂತೂ ಇನ್ನೂ ದೊಡ್ಡ ಸುಳ್ಳು. ಸಾಮಾನ್ಯವಾಗಿ ಸಿಗುವ ಒಂದು ತಿರುವಿನ ತ್ರಿಜ್ಯ 282 ಮಿಲಿಮೀಟರ್. ನಿಜದ ಲೆಕ್ಕದಲ್ಲಿ 42 ಮೀಟರ್. ಅಂಥ ತಿರುವಿನಲ್ಲಿ 20 ಮೀಟರ್ ಬೋಗಿಯ ಮೂಲೆ ಹಳಿಯಾಚೆ ಚಾಚುತ್ತದೆ, ಪಕ್ಕದ ರೈಲಿಗೆ ತಗಲುತ್ತದೆ. ಅದಕ್ಕೆ ಜೋಡಿ ಹಳಿಗಳನ್ನು ಬೇಕಾದದ್ದಕ್ಕಿಂತ ದೂರ ಇಡುತ್ತಾರೆ. ಒಂದು ಸುಳ್ಳು ಮುಚ್ಚಲು ಇನ್ನೊಂದು.

ಹಾಗಾದರೆ ಯಾಮಾನೋತೆಯದ್ದು ಅಂತ ಉಳಿದದ್ದಾದರೂ ಏನು? ಬಣ್ಣ ಉಳಿದಿದೆ. 1963ರಲ್ಲಿ 103 ಸರಣಿಯ ರೈಲಿನ ಜೊತೆ ಬಂದ ಆ ಹಳದಿ ಬೆರೆತ ಹಸಿರು. ಉಗುಯಿಸು ಅನ್ನುವ ಹಕ್ಕಿಯ ಹೆಸರಿನಲ್ಲಿ ಕರೆಯುತ್ತಾರೆ. ಇಟ್ಟಿಗೆ ಕಮಾನು ಉಳಿದಿದೆ. ಕೊಮಾಗೊಮೆ ಮತ್ತು ತಬಾತಾ ನಡುವಿನ ಲೆವೆಲ್ ಕ್ರಾಸಿಂಗ್ ಇದೆ, ಇಡೀ ವೃತ್ತದಲ್ಲಿ ಉಳಿದುಕೊಂಡದ್ದು ಅದೊಂದೇ. ಈ ಮೂರನ್ನು ಸರಿ ಮಾಡಿದರೆ ಸಾಕು, ಟೋಕಿಯೊ ನೋಡಿದವರು ಹೆಸರು ಕೇಳದೆಯೇ ಗುರುತು ಹಿಡಿಯುತ್ತಾರೆ. ನನ್ನ ಕ್ರಾಸಿಂಗಿನ ಗೇಟು ಹಲ್ಲುಕಡ್ಡಿಯದ್ದು. ಹಳದಿ-ಕಪ್ಪು ಪಟ್ಟೆ ಬಳಿಯಲು ಎರಡು ಸಂಜೆ ಹಿಡಿಯಿತು.

ಇಷ್ಟೆಲ್ಲ ಆದ ಮೇಲೆ ಸಹಜವಾಗಿ ನಮ್ಮ ರೈಲಿನ ಆಸೆ ಹುಟ್ಟುತ್ತದೆ, ಅಲ್ವಾ? ಭಾರತದ ಬ್ರಾಡ್‌ಗೇಜ್‌ನಲ್ಲಿ ತೊಂದರೆ ತಿರುಗಾಮುರುಗಾ. ಮುಂಬೈ ಲೋಕಲ್‌ನ ಹಳಿ 1676 ಮಿಲಿಮೀಟರ್. ಎನ್ ಗೇಜಿಗಿಂತ ದೊಡ್ಡದಾದ 87ಕ್ಕೆ ಒಂದರ ಅಳತೆಯಲ್ಲಿ ಅದಕ್ಕೆ 19 ಮಿಲಿಮೀಟರಿಗಿಂತ ಜಾಸ್ತಿ ಬೇಕು, ಅಂಗಡಿಯಲ್ಲಿ ಸಿಗುವುದು 16.5. ಜಪಾನಿನ ಬೋಗಿ ಕಾಲಗಲಿಸಿ ನಿಂತರೆ ನಮ್ಮದು ಕಾಲು ಜೋಡಿಸಿ ನಿಲ್ಲುತ್ತದೆ.

ನಮ್ಮ ಮೆಟ್ರೋಗೆ ಆ ರಗಳೆಯೇ ಇಲ್ಲ. ಅದರ ಹಳಿ 1435. ಎನ್ ಗೇಜಿನ 9ನ್ನು 160ರಿಂದ ಗುಣಿಸಿದರೆ 1440. ಬರೀ ಐದು ಮಿಲಿಮೀಟರ್ ವ್ಯತ್ಯಾಸ, ಅದೂ ನಿಜದ ಅಳತೆಯಲ್ಲಿ! ವಿದ್ಯುತ್ ಬರುವುದು ಹಳಿ ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್. ಹಾಗಾಗಿ ತಲೆ ಮೇಲೆ ತಂತಿ ಕಟ್ಟುವ ಗೋಜಿಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ ಮೊದಲ ರೈಲಿಗೆ ಮೂರೇ ಬೋಗಿ. 160ರಲ್ಲಿ ಸುಮಾರು 40 ಸೆಂಟಿಮೀಟರ್. ನನ್ನ ಹಲಗೆ ಮೇಲೆ ಒಂದು ಬೋಗಿಯನ್ನೂ ಕಳಚದೆ ನಿಲ್ಲುತ್ತದೆ, ಪ್ಲಾಟ್‌ಫಾರ್ಮ್ ಸಮೇತ.

ಹಲಗೆಯ ಇನ್ನೊಂದು ಬದಿಯಲ್ಲಿ ಟ್ರಿನಿಟಿ ನಿಲ್ದಾಣ ಶುರು ಮಾಡಿದ್ದೇನೆ. ಬೋಗಿಗೆ ಪ್ಲಾಸ್ಟಿಕ್ ಹಾಳೆ ಕತ್ತರಿಸುತ್ತಿದ್ದೇನೆ. ಕಂಬಕ್ಕೆ ಮೊದಲು ವೈರಿಂಗ್ ಪೈಪು ತಂದೆ, ತೀರಾ ದಪ್ಪವಾಯಿತು. ಮಗಳ ಒಣಗಿದ ಸ್ಕೆಚ್ ಪೆನ್ನು ಅಳೆದರೆ ಹತ್ತು ಮಿಲಿಮೀಟರ್, ಸರಿಯಾಗಿ ಹೊಂದಿತು. ಆರು ಸಿಕ್ಕಿವೆ. ಇನ್ನೂ ಎಂಟು ಒಣಗಬೇಕು.